ಹೊಸ್ತಿಲ ಸ್ವರ

ಕೌನಾಸಿನಲ್ಲಿ ಫೆಬ್ರವರಿ. ನನ್ನ ಅಂಗಡಿ ನೆಲಮಾಳಿಗೆಯಲ್ಲಿ;
ಕಿಟಕಿಗೆ ಕಾಣುವುದು ಬೂಟುಗಳಷ್ಟೇ.
ಅವತ್ತು ಬೂಟುಗಳ ಹಿಂದೆ ಒಂದು ಜಾರುಬಂಡಿ ಬಂತು, ಮಕ್ಕಳದು,
ಬಟ್ಟೆ ಒಣಹಾಕುವ ಹಗ್ಗದಲ್ಲಿ ಬಿಗಿದ ಕಂಪ್ಯೂಟರ್,
ಜ್ವರದ ಕೂಸಿಗೆ ಹೊದಿಸಿದ ಹಾಗೆ ಉಣ್ಣೆ ಶಾಲು.

ರೊಮುಆಲ್ಡಾಸ್. ಪಿಯಾನೊಗಳ ಶ್ರುತಿ ಮಾಡುವವನು.
ಈ ಊರಿನ ಆರುನೂರು ಪಿಯಾನೊ ಇದರೊಳಗಿವೆ, ಅಂದ.
ನಾನು ನಗಲಿಲ್ಲ. ಇಂಥದ್ದು ಕೇಳಿ ಕೇಳಿ ಅಭ್ಯಾಸ:
ಇದರೊಳಗೆ ನನ್ನ ಮದುವೆ ಇದೆ ಅನ್ನುತ್ತಾರೆ,
ಇದರೊಳಗೆ ನನ್ನ ಆರು ವರ್ಷದ ತೆರಿಗೆ.

ಮುಚ್ಚಳ ತೆಗೆದರೆ ಬೂದು ಬಣ್ಣದ ಉಂಡೆಗಳು.
ಧೂಳಲ್ಲ, ಅಂದ, ಬೆರಳಲ್ಲಿ ಹೊಸಕಿ ನೋಡಿ,
ಸುತ್ತಿಗೆಯ ತಲೆಗೆ ಹಾಕುವ ಉಣ್ಣೆ. ನನ್ನ ಅಂಗಿಯಿಂದ ಉದುರಿದ್ದು.

ಕತೆಯಲ್ಲಾದರೆ ಪರಕಾಯ ಪ್ರವೇಶಕ್ಕೆ ಮಂತ್ರ ಸಾಕು.
ಇಲ್ಲಿ ನಾಲ್ಕು ತಿರುಪು, ಅದರಲ್ಲೊಂದಕ್ಕೆ ಮರೆ ಸವೆದಿದೆ;
ಅಗಲ ಪಟ್ಟಿಯ ಕೇಬಲ್ಲಿಗೆ ಹೊಸ ಬೋರ್ಡಿನಲ್ಲಿ ಬಾಯೇ ಇಲ್ಲ,
ನಡುವೆ ದುಭಾಷಿಯಂತೆ ಒಂದು ಅಡಾಪ್ಟರ್.
ಡಿಸ್ಕಿನ ಬೆನ್ನಿಗೆ ಅಕ್ಕಿಕಾಳಿನಷ್ಟು ಜಂಪರ್,
'ಯಜಮಾನ' ಅನ್ನುವ ಜಾಗದಲ್ಲಿ ಚುಚ್ಚಿಕೊಂಡಿದೆ.
ಹೊಸ ಮನೆಯಲ್ಲಿ ಅದು ಎರಡನೆಯದು.
ಆದರೂ ಮುಟ್ಟಲಿಲ್ಲ. ಹಾಗೇ ಅಂದುಕೊಂಡಿರಲಿ.

ಗುಂಡಿ ಒತ್ತಿದೆ.
ಹೊಸದಕ್ಕೆ ಉಸಿರೇ ಇಲ್ಲ, ಅಷ್ಟು ಮೌನ.
ಹಳೆಯದು ಕೆಮ್ಮಿತು, ತಡವರಿಸಿತು,
ಆಮೇಲೆ ಗುಂಯ್ ಎಂದು ಹಿಡಿಯಿತು.

ಅವನ ಕೈ ಮೇಲೆದ್ದಿತು, ಟ್ರಾಫಿಕ್ ಪೊಲೀಸನಂತೆ.
ಎಫ್ ಅಲ್ಲ. ಎಫ್ ಶಾರ್ಪೂ ಅಲ್ಲ.
ಹೊಸ್ತಿಲ ಮೇಲೆ ಕೂತಿದೆ, ಶನಿ!
ಇಪ್ಪತ್ತು ವರ್ಷ ನನ್ನ ಮೊಣಕಾಲ ಪಕ್ಕದಲ್ಲೇ ಇತ್ತು,
ಫ್ಯಾನಿನ ಗದ್ದಲದಲ್ಲಿ ಕೇಳಿಸಲೇ ಇಲ್ಲ.
ಸರಿಮಾಡಲು ಬರುತ್ತದಾ?
ಇಲ್ಲ, ಅಂದೆ. ಈ ಸ್ವರ ಬಿಟ್ಟರೆ ಅದು ಸತ್ತಿತು.
ನನ್ನ ಭಾವನೂ ಹಾಗೇ, ಅಂದ.

ಹೊಸ ಅಗಸ ಗೋಣಿ ಎತ್ತೆತ್ತಿ ಒಗೆಯುವಂತೆ
ಹೊಸ ಯಂತ್ರ ಒಂದೊಂದು ಕಡತವನ್ನೂ ಕೊಡವಿ ನೋಡಿತು.
ಪರದೆ ಮೇಲೆ ಬಡಾವಣೆಗಳು ತೆರೆದುಕೊಂಡವು.

*ಮೂರನೇ ಮಹಡಿ, ಲಿಫ್ಟ್ ಇಲ್ಲ. ಪೆಡಲಿನ ಕೆಳಗೆ ಬೆಕ್ಕು ಮಲಗಿರುತ್ತದೆ, ನೋಡಿ ಕಾಲಿಡು.*
*ಮನೆಯೊಡತಿಗೆ ಕಿವಿ ಹೋಗಿದೆ. ಹೇಳಬೇಡ. ಮೊದಲಿನಷ್ಟೇ ಜಾಗ್ರತೆಯಿಂದ ಮಾಡು.*
*ಮಾರಿಬಿಟ್ಟರು. ಗೋಡೆ ಮೇಲೆ ಅದರ ಆಕಾರದ ಬಿಳುಪು.*

ಶಾಂಚೈ ಬಡಾವಣೆಗೆ ಬಂದಾಗ ನಿಂತಿತು.
ಟಿಕ್. ಟಿಕ್. ಸುಮ್ಮನೆ. ಟಿಕ್.
ಮೂರು ಸಲ ಯತ್ನಿಸಿದೆ, ಮೂರು ಸಲವೂ ಅಷ್ಟೇ.
ತಟ್ಟೆಯ ಮೇಲೆ ಎಲ್ಲೋ ಸೂಜಿಮೊನೆಯಷ್ಟು ಗಾಯ,
ಅದರಲ್ಲಿ ನಲವತ್ತೊಂದು ಪಿಯಾನೊ.

ಅವನು ಕೋಟು ಬಿಚ್ಚಿ, ಪ್ರಿಂಟರಿನ ರಟ್ಟಿನ ಪೆಟ್ಟಿಗೆ ಮೇಲೆ ಕೂತು
ಕಣ್ಣು ಮುಚ್ಚಿದ. ಬರೆದುಕೋ, ಅಂದ.
ರೈಲು ಡಿಪೊ ಪಕ್ಕದಿಂದ ಹೊರಡೋಣ.
ಹಸಿರು ಬಾಗಿಲು, ಎಡಕ್ಕೆ. ಮಂದ್ರದಲ್ಲಿ ಎರಡು ತಂತಿ ತುಕ್ಕು.
ಎದುರುಮನೆ, ದಂತವೈದ್ಯೆ. ವರ್ಷಕ್ಕೆರಡು ಸಲ ಕರೆಯುತ್ತಾಳೆ, ನುಡಿಸುವುದಿಲ್ಲ.
ನಾನು ಟೈಪಿಸುತ್ತಾ ಹೋದೆ. ನಡೆದು ನಡೆದು
ಅವನ ಬೂಟು ನೆಲದ ಮೇಲೆ ತಾನಾಗಿ ಅಲುಗುತ್ತಿತ್ತು.
ಇಪ್ಪತ್ತೊಂಬತ್ತು ಸಿಕ್ಕವು.
ಮೂವತ್ತನೆಯದರ ಕೀಲಿ ನೆನಪಿದೆ, ಮನೆ ನೆನಪಿಲ್ಲ, ಅಂದ:
ಬಿರುಕು ಬಿಟ್ಟ ಒಂದು ಬಿಳಿ ಕೀಲಿ, ಬೆರಳಿಗೆ ಚುಚ್ಚುತ್ತಿದ್ದದ್ದು.
ಅದನ್ನೂ ಹಾಗೇ ಬರೆದೆ, ವಿಳಾಸದ ಜಾಗ ಖಾಲಿ.

ಹಣ ಎಣಿಸಿ ಕೊಟ್ಟ.
ಖಾಲಿ ಡಬ್ಬಿಯನ್ನೂ ಕೊಡು ಅಂದ.
ಇನ್ನೇನಿದೆ ಅದರಲ್ಲಿ?
ಅದರ ಮೇಲೆ ಜೆರೇನಿಯಂ ಕುಂಡ ಇಡುತ್ತೇವೆ,
ಕಿಟಕಿಗೆ ಸರಿಯಾದ ಎತ್ತರ.

ಜಾರುಬಂಡಿಯಲ್ಲಿ ಹಿಂದೊಂದು ಮುಂದೊಂದು.
ಇದ್ದದ್ದು ಒಂದೇ ಶಾಲು,
ಯಾವುದಕ್ಕೆ ಹೊದಿಸಿದನೋ
ನನ್ನ ಕಿಟಕಿಗೆ ಕಾಣಲಿಲ್ಲ.
ಬೂಟು, ಹಗ್ಗದ ತುದಿ, ಹಿಮದ ಮೇಲೆ ಎರಡು ಗೆರೆ.